ಪದರದ ಸೋಪಿನ ವಿಷಯವಾಗಿ ಎರಡು ಮಾತು

ನಮ್ಮ ಮಹಿಳಾ ಸಮಾಜದ ಅಧ್ಯಕ್ಷರಾದ ಶ್ರೀಮತಿ ಮುನಿವೆಂಕಟಮ್ಮನವರೇ, ವೇದಿಕೆಯ ಮೇಲಿನ ಹಿರಿಯರೇ, ಒಳಗಿನಿಂದ ಬರುತ್ತಿರುವ ಉಪ್ಪಿಟ್ಟಿನ ವಾಸನೆಗೂ ನನ್ನ ಮಾತಿಗೂ ನಡುವೆ ಸಿಕ್ಕಿಹಾಕಿಕೊಂಡಿರುವ ಪದ್ಮನಾಭನಗರದ ಸಭಿಕರೇ,

ಈಗಷ್ಟೇ ನೀವು ಶಾಲು ಹೊದಿಸಿದ ಕಾತ್ಯಾಯಿನಿಯವರ ಗಂಡ ನಾನು, ಅನಂತಪದ್ಮನಾಭ. ಗಂಡನಿಗೆ ವೇದಿಕೆಯ ಮೇಲೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದೆ. ಮುಂದಿನ ತಿಂಗಳ ತರಗತಿಯಲ್ಲಿ ಪದರ ಪದರದ ಸೋಪು ಕಲಿಸಿಕೊಡಿ ಎಂದು ಅಧ್ಯಕ್ಷರು ನಮ್ಮ ಮನೆಯವರನ್ನು ಮೂರು ಸಲ ಕೇಳಿದ್ದಾರೆ. ಇವರು ಮೂರು ಸಲವೂ ಆಗುವುದಿಲ್ಲ ಎಂದಿದ್ದಾರೆ. ಕೊನೆಗೆ ಅಧ್ಯಕ್ಷರು ನನ್ನನ್ನು ಹಿಡಿದರು. "ಸಾರ್, ನಾಲ್ಕು ಜನರ ಮುಂದೆ ನೀವೇ ಒಂದು ಮಾತು ಹೇಳಿ. ಸಭೇಲಿ ಇಲ್ಲ ಅನ್ನೋಕೆ ಅವರಿಗೂ ಕಷ್ಟ ಆಗುತ್ತೆ" ಎಂದರು. ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ. ಅವರಿಗೆ ಎಲ್ಲಿ ಬೇಕಾದರೂ ಇಲ್ಲ ಎನ್ನಲು ಬರುತ್ತದೆ ಎಂಬುದು ನನಗೆ ಗೊತ್ತು. ಆದರೂ ಒಪ್ಪಿಕೊಂಡೆ.

ಸೋಪಿನ ಕೆಲಸ ಮೊದಲಾದದ್ದು ಎಪ್ಪತ್ತಾರರಲ್ಲಿ. ಇವರ ತಮ್ಮ ಕಿಟ್ಟಿ ಒಂದು ಸಣ್ಣ ಸೋಪಿನ ಕಾರ್ಖಾನೆಯಲ್ಲಿದ್ದ. ಅಲ್ಲಿಂದ ಗಾಜಿನಂತೆ ಆಚೆ ಬದಿ ಕಾಣುವ ಗ್ಲಿಸರಿನ್ ಸೋಪಿನ ಗಟ್ಟಿಗಳನ್ನು ತಂದುಕೊಡುತ್ತಿದ್ದ. ಅದನ್ನು ಬೆಲ್ಲ ಹೆಚ್ಚಿದ ಹಾಗೆ ಹೆಚ್ಚಬೇಕು. ಕುದಿಯುವ ನೀರಿನ ಮೇಲೆ ಪಾತ್ರೆಯಿಟ್ಟು ಕರಗಿಸಬೇಕು. ಬಣ್ಣ, ವಾಸನೆ ಬೆರೆಸಿ ತಟ್ಟೆಗೆ ಸುರಿಯಬೇಕು. ಕೆನೆ ಕಟ್ಟುವ ಹೊತ್ತಿಗೆ ಮೇಲೆ ಸ್ಪಿರಿಟ್ ಚಿಮುಕಿಸಿ, ಇನ್ನೊಂದು ಬಣ್ಣ ಸುರಿದರೆ ಎರಡು ಪದರವೂ ಒಂದಾಗುತ್ತವೆ. ಆ ಸ್ಪಿರಿಟ್ಟಿಗೆಂದೇ, ಕಟಿಂಗ್ ಶಾಪಿನವರು ತಲೆಗೆ ನೀರು ಹೊಡೆಯುವಂಥ ಬಾಟಲಿಯನ್ನು ಇವರು ಕೊಂಡರು. ಅದನ್ನು ಕಂಡ ಪಕ್ಕದ ಮನೆಯವರು, "ಏನ್ರೀ, ಯಜಮಾನ್ರಿಗೆ ಮನೇಲೇ ಕ್ಷೌರ ಮಾಡ್ತೀರಾ?" ಎಂದು ಕೇಳಿದ್ದರು.

ಸೋಪಿನ ಹೊಟ್ಟೆಯಲ್ಲಿ ಗೊಂಬೆ ಕೂರಿಸುವುದು ಇವರದೇ ಯೋಚನೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮರದ ಅಚ್ಚುಗಳಿವೆಯಲ್ಲ, ಅದರಲ್ಲಿ ಕೆಂಪು ಸೋಪು ಹೊಯ್ದು ಗಿಣಿ ತೆಗೆದರು. ಕೆಳಗೆ ಹಸಿರು ಪದರ, ಅದರ ಮೇಲೆ ಗಿಣಿ, ಗಿಣಿಯ ಮೇಲೆ ಬಣ್ಣವಿಲ್ಲದ ಪದರ. ಮೇಲಿನದು ಬಹಳ ಬಿಸಿಯಾಗಿದ್ದರೆ ಗಿಣಿ ಕರಗಿಹೋಗುತ್ತದೆ. ತೀರಾ ಆರಿದ್ದರೆ ಅಂಟುವುದಿಲ್ಲ. ಆ ಹದ ಇವರ ಬೆರಳಿಗೆ ಗೊತ್ತಿತ್ತು. ಥರ್ಮಾಮೀಟರು ಬೇಕಿರಲಿಲ್ಲ.

ಎಪ್ಪತ್ತೆಂಟರಲ್ಲಿ, ನಾವು ಜಯನಗರದಲ್ಲಿದ್ದಾಗ, ಎದುರುಮನೆಯ ಜಯಾಳ ಮದುವೆ ಬಂತು. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಒಂದೊಂದು ಗಿಣಿ ಸೋಪು ಕೊಡಬೇಕೆಂದು ಅವಳ ತಾಯಿಯ ಆಸೆ. ನೂರೈವತ್ತು ಸೋಪು! ನಮ್ಮ ನಡುಮನೆಯಲ್ಲಿ ಆರು ತಟ್ಟೆ ಹರಡಿ, ಹಸಿರು ಪದರ ಸುರಿದಾಯಿತು. ಆಗ ನೋಡಿದರೆ ಸ್ಪಿರಿಟ್ ಮುಗಿದಿದೆ. ಎರಡು ಬೀದಿ ಆಚೆ ಕಾಂಪೌಂಡರ್ ಸೇತುರಾಮ ಅವರ ಮನೆ. "ರೀ, ಓಡಿಹೋಗಿ ಬರ್ತೀನಿ. ತಟ್ಟೆ ಹತ್ತಿರ ಹೋಗ್ಬೇಡಿ" ಎಂದು ಹೇಳಿ ಇವರು ಹೊರಟರು.

ಇಲ್ಲಿ ನಮ್ಮ ತಂದೆಯವರನ್ನು ನೆನೆಯಬೇಕು. ಮಾಗಡಿ ಕಡೆ ನಮ್ಮ ಹಳ್ಳಿ. ಸುತ್ತ ಹದಿನಾರು ಊರಿನ ಮದುವೆಗಳಿಗೆ ಅವರದೇ ಅಡುಗೆ. ಕೊಬ್ಬರಿ ಮಿಠಾಯಿಯ ದಿನ ತಟ್ಟೆ ನನ್ನ ಕೈಗೆ ಬರುತ್ತಿತ್ತು. "ಲೋ, ಜಿಡ್ಡು ಸವರದೆ ಪಾಕ ಸುರಿಯೋನು ಅಡುಗೆಯವನೇ ಅಲ್ಲ ಕಣೋ" ಎನ್ನುತ್ತಿದ್ದರು. ಒಂದು ಸಲ ಮರೆತಿದ್ದಕ್ಕೆ ಸೌಟಿನಿಂದಲೇ ಬಡಿದಿದ್ದರು. ಹಾಗೆ ಕಲಿತದ್ದು ಮರೆಯುತ್ತದೆಯೇ? ಆರು ತಟ್ಟೆ ಒಣಗಿದ ಹಾಗೆ ಬಿದ್ದಿವೆ, ಮೇಲೆ ಇನ್ನೊಂದು ಪಾಕ ಬೀಳಬೇಕು. ನೋಡುತ್ತ ಕೂರಲು ಮನಸ್ಸಾಗಲಿಲ್ಲ. ಅಂಗೈಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಆರಕ್ಕೂ ತೆಳ್ಳಗೆ ಸವರಿಬಿಟ್ಟೆ.

ಇದನ್ನು ಹೇಳಬೇಕೆಂದುಕೊಂಡು ಬಂದವನಲ್ಲ. ನನ್ನ ಚೀಟಿಯಲ್ಲಿ ತಂದೆಯವರ ವಿಷಯವೇ ಇಲ್ಲ.

ಹೇಳಿದ್ದಾಯಿತು. ಇನ್ನು ಅರ್ಧಕ್ಕೆ ನಿಲ್ಲಿಸಿದರೆ ತಪ್ಪಾಗುತ್ತದೆ. ಇವರು ಸ್ಪಿರಿಟ್ ತಂದರು. ಬಗ್ಗಿ ನೋಡಿ, "ಎಷ್ಟು ಚೆನ್ನಾಗಿ ಹೊಳೀತಿದೆ ನೋಡ್ರೀ!" ಎಂದರು. ನಾನು ಒಳಗೊಳಗೇ ಹೆಮ್ಮೆಪಟ್ಟುಕೊಂಡೆ. ಸ್ಪಿರಿಟ್ ಹೊಡೆದು, ಗಿಣಿ ಕೂರಿಸಿ, ಮೇಲಿನ ಪದರ ಸುರಿದರು. ಮಾರನೆಯ ದಿನ ಬಿಗಿಯಾಗಿ ಎಳೆದು ಹಿಡಿದ ದಾರದಿಂದ ಕತ್ತರಿಸಿ, ಜಿಲೇಟಿನ್ ಕಾಗದ ಸುತ್ತಿ ಕೊಟ್ಟರು. ಛತ್ರದಲ್ಲಿ ಹೊಗಳದವರಿಲ್ಲ.

ವಾರ ಕಳೆಯಲಿಲ್ಲ. ಬಚ್ಚಲು ಬಚ್ಚಲಿನಲ್ಲೂ ಸೋಪು ಎರಡು ಹೋಳಾಯಿತು, ಗಿಣಿ ಹಾರಿಹೋಯಿತು. ನಗಬೇಡಿ. ಜಯಾಳ ಅತ್ತೆ ನಮ್ಮ ಬಾಗಿಲಿಗೇ ಬಂದು, "ಮದುವೆ ತಾಂಬೂಲದಲ್ಲಿ ಬಿಟ್ಟುಹೋಗೋ ವಸ್ತು ಕೊಡ್ತಾರೇನಮ್ಮ? ಕೂಡಿ ಬಾಳಬೇಕಾದ ಮಕ್ಕಳು!" ಎಂದರು. ಜಯಾ ಇವತ್ತು ಗಂಡ, ಎರಡು ಮಕ್ಕಳ ಜೊತೆ ಸುಖವಾಗಿದ್ದಾಳೆ. ಆದರೆ ಆವತ್ತು ಆ ಮಾತು ಕೇಳಿ ಇವರು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತದ್ದನ್ನು ನೋಡಿದವನು ನಾನೊಬ್ಬನೇ.

ಬಿಟ್ಟುಹೋದ ಹೋಳನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ತೀಡಿದೆ. ಜಿಡ್ಡು ಹತ್ತಿತು. ಎಲ್ಲವೂ ತಿಳಿಯಿತು: ಮಿಠಾಯಿ ತಟ್ಟೆಗೆ ಅಂಟದಿರಲೆಂದು ಸವರುವ ಎಣ್ಣೆ ಪದರಕ್ಕೆ ಪದರವನ್ನೂ ಅಂಟಗೊಟ್ಟಿರಲಿಲ್ಲ. ಆಗ ಹೇಳಬಹುದಿತ್ತಲ್ಲವೇ? ಹೇಳಿದೆನೇ? "ಸ್ಪಿರಿಟ್ಟಿಗೆ ನೀರು ಬೆರೆಸಿರ್ಬೇಕು ಕಣೇ" ಎಂದೆ. ಪಾಪ, ಸೇತುರಾಮ ಅವರು ಮೂರನೆಯ ಸಾಲಿನಲ್ಲಿದ್ದಾರೆ. ಎಂಟು ವರ್ಷದಿಂದ ನಮ್ಮ ಮನೆಯವರು ಯಾಕೆ ಮುಖ ತಿರುಗಿಸಿಕೊಂಡು ಹೋಗುತ್ತಾರೆಂದು ಅವರಿಗೆ ಇವತ್ತು ಗೊತ್ತಾಗಿರಬೇಕು. ಸ್ವಾಮಿ, ನಿಮ್ಮ ಸ್ಪಿರಿಟ್ಟಿನಲ್ಲಿ ದೋಷವಿರಲಿಲ್ಲ.

ಆಮೇಲೆ ಬೇರೆ ಅಂಗಡಿಯ ಸ್ಪಿರಿಟ್ ತಂದುಕೊಟ್ಟೆ. ಇವರು ಮುಟ್ಟಲಿಲ್ಲ. "ಸ್ಪಿರಿಟ್ ಒಂದೇ ಅಲ್ಲ ಬಿಡಿ, ನನ್ನ ಕೈಯೂ ಸರಿಯಿಲ್ಲ" ಎಂದರು. ಅಂದಿನಿಂದ ಒಂದೇ ಬಣ್ಣದ ಸೋಪು. ನಿಮ್ಮಲ್ಲಿ ಇಪ್ಪತ್ತೆಂಟು ಜನಕ್ಕೆ ಕಲಿಸಿದ್ದೂ ಅದನ್ನೇ. ಕೈ ಸರಿಯಿಲ್ಲ ಎಂಬ ಆ ಮಾತನ್ನು ಎಂಟು ವರ್ಷ ಕೇಳಿಸಿಕೊಂಡು ಅವರು ಮಾಡಿದ ಕಾಫಿ ಕುಡಿದಿದ್ದೇನೆ. ಸೌಟಿನ ಏಟಿಗೆ ಹೆದರಿದ ಹುಡುಗ ನಲವತ್ತೆಂಟು ವರ್ಷದ ಗುಮಾಸ್ತನಾದರೂ ಹೆದರುತ್ತಲೇ ಇರುತ್ತಾನೆ ಎಂದು ಬೇಕಾದರೆ ಹೇಳಬಹುದು. ಆದರೆ ಅದು ನೆಪ. ತಪ್ಪು ನನ್ನದು.

ಕಾತ್ಯಾಯಿನಿ, ನಿನ್ನ ಕೈ ಸರಿಯಾಗಿಯೇ ಇತ್ತು. ಅಧ್ಯಕ್ಷರು ಕೇಳಿದ್ದನ್ನು ನಾನು ಕೇಳುವುದಿಲ್ಲ. ಕಲಿಸು ಎಂದು ಹೇಳುವ ಯೋಗ್ಯತೆ ಈಗ ನನಗಿಲ್ಲ.

ಸಭಿಕರೇ, ಅವರು ಎದ್ದರು. ಶಾಲನ್ನು ಕುರ್ಚಿಯ ಮೇಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಾರೆ. ಅವರು ಸೆರಗು ಸಿಕ್ಕಿಸುವುದು ಜಗಳಕ್ಕೆ, ಇಲ್ಲವೇ ಕೆಲಸಕ್ಕೆ. ಮೊದಲನೆಯದು ನನ್ನ ಪಾಲಿಗಿರಲಿ, ಎರಡನೆಯದು ನಿಮ್ಮ ಪಾಲಿಗೆ ಬರಲಿ. ಎರಡರಲ್ಲಿ ಯಾವುದೇ ಆಗಲಿ, ಮೈಕು ಈಗ ಅವರದು. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.