ಕೇದಾರಿಯ ಮನೆಯ ಮಜ್ಜಿಗೆ ಕುರಿತು ಕಾಶೆವ್ವನ ಹೇಳಿಕೆ

ನನ್ನ ಹೆಸರು ಕಾಶೆವ್ವ ಕೋಂ ಅಣ್ಣಪ್ಪ ಅಂಗಡಿ, ವಯಸ್ಸು ಸುಮಾರು ೬೨, ಜಾತಿ ಲಿಂಗಾಯತ, ಉದ್ಯೋಗ ಒಕ್ಕಲುತನ, ಸಾಕೀನ ಮೂಡಲಗಿ. ಸಾಲಿ ಎರಡನೇ ಇಯತ್ತೆ, ಸಹಿ ಬರುತ್ತದೆ. ಈ ಮೂಲಕ ತಿಳಿಸುವದೇನೆಂದರೆ, ಮೊನ್ನೆ ಗುರುವಾರ ಹಳ್ಳದ ದಂಡೆಯ ಮೇಲೆ ನಾನು ಆಡಿದ ಒಂದು ಮಾತು ಸುಳ್ಳು. ಅದನ್ನು ತಿದ್ದಿಸಲು ಬಂದಿದ್ದೇನೆ. ನನ್ನನ್ನು ಯಾರೂ ಕರೆಸಿಲ್ಲ.

ಹತ್ತರಗಿಗೆ ಕೊಟ್ಟ ನನ್ನ ಮಗಳು ಸಾವಂತ್ರೆವ್ವ ಬಾಣಂತಿ ಇದ್ದಾಳೆ. ಅವಳನ್ನು ನೋಡಲು ಗುರುವಾರ ಮುಂಜಾನೆ ನಮ್ಮ ಓಣಿಯ ಹೊಳೆಪ್ಪನ ಲಾರಿ ಹತ್ತಿದೆ. ಅವನು ಪುಣೆ, ಮುಂಬೈತನಕ ಬೆಲ್ಲ ಒಯ್ಯುವ ಡ್ರೈವರ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ ಇದ್ದರೆ ಹೆಚ್ಚು, ಉಳಿದ ದಿನ ಲಾರಿಯ ಕೆಳಗೇ ಹಾಸಿಗೆ. ತನ್ನ ಕೂಸು ತನ್ನನ್ನು ಕಂಡರೆ ಅಳುತ್ತದೆ ಎಂದು ದಾರಿಯಲ್ಲಿ ಹೇಳಿದನು. ಆ ಮುಖ ಕಂಡರೆ ನಾನೂ ಅಳುತ್ತಿದ್ದೆ ಎಂದು ಹೇಳಿದೆ.

ಲಾರಿಗೆ ಬಾಜೂ ಹಲಗೆ ಇಲ್ಲ. ಬೆಲ್ಲ ಹೇರಿ, ಹಗ್ಗ ಬಿಗಿದು, ಮೇಲೆ ತಾಡಪತ್ರಿ ಹೊದಿಸಿದ್ದರು. ಯುದ್ಧದಿಂದ ಪೆಟ್ರೋಲ್ ಸಿಗುವದಿಲ್ಲವಾದ್ದರಿಂದ ಕೂಡುವ ಜಾಗದ ಹಿಂದೆ ಕಬ್ಬಿಣದ ದೊಡ್ಡ ಒಲೆ ಕೂಡಿಸಿದ್ದಾರೆ. ಅದರಲ್ಲಿ ಇದ್ದಲಿ ಸುಟ್ಟು ಆ ಹೊಗೆಯಿಂದ ಗಾಡಿ ನಡೆಸುತ್ತಾರೆ. ಒಲೆಯ ಹತ್ತಿರ ಬುಟ್ಟಿಯಲ್ಲಿ ಒಂದು ಕೋಳಿ ಕಟ್ಟಿದ್ದನು, ಕೊಲ್ಲಾಪುರದ ಮಿಸ್ತ್ರಿಗೆ ಕೊಡಲು. ಕೋಳಿಯ ಸಂಗಡ ನಾನು ಕೂಡುವದಿಲ್ಲ ಎಂದಾಗ, ಕೋಳಿಯೂ ನಿಮ್ಮ ಬಗ್ಗೆ ಅದನ್ನೇ ಅಂದದ ಎಂದನು.

ಧುಪದಾಳ ದಾಟಿದ ಮೇಲೆ ಮಳೆ ಹಿಡಿಯಿತು. ಮಧ್ಯಾಹ್ನ ಎರಡರ ಸುಮಾರಿಗೆ ಒಂದು ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಅಲ್ಲಿಂದ ನೂರು ಮಾರಿನಲ್ಲಿ ಕೇದಾರಿಯ ಗುಡಿಸಲು. ಅವನು ರಸ್ತೆಯ ಖಡಿ ಒಡೆಯುವವ, ಕೆಳಗೇರಿಯವ. ಅವರ ಮನೆಯ ನೀರು ನಮ್ಮವರು ಮುಟ್ಟುವದಿಲ್ಲ. ಅವನು ದೂರ ನಿಂತು, ನೀರು ಇಳಿಯುವತನಕ ಗಾಡಿ ಹಾಕಬೇಡಿರೆಂದು ಹೇಳಿದನು. ಅವನ ಹೆಂಡತಿ ಉದ್ದವ್ವ ಹೊಳೆಪ್ಪನಿಗೆ ಒಂದು ತಂಬಿಗೆ ಮಜ್ಜಿಗೆ ತಂದಳು. ಆ ಹೊಗೆಯ ವಾಸನೆಗೆ, ಗಾಡಿಯ ಕುಲುಕಾಟಕ್ಕೆ ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಹೊಳೆಪ್ಪ ತಂಬಿಗೆಯನ್ನು ನನ್ನ ಮುಂದೆ ಹಿಡಿದು, "ಕುಡೀರಿ ಆಯಿ. ರಸ್ತಾದಾಗ ಜಾತಿ ಕೇಳಾಕ ಹ್ವಾದ್ರ ನಾ ಎಂದೋ ಹಸದು ಸಾಯ್ತಿದ್ದೆ" ಅಂದನು.

ನಾನು ಕುಡಿದೆ. ಅವನಿಗಿಂತ ಮೊದಲು ನಾನು ಅರ್ಧ ತಂಬಿಗೆ ಕುಡಿದೆ. ಉಳಿದದ್ದನ್ನು ಅವನು ಕುಡಿದನು.

ಒಲೆ ಆರಿದರೆ ಮತ್ತೆ ಗಾಡಿ ಚಾಲೂ ಮಾಡಲು ಬಹಳ ಹೊತ್ತು ಬೇಕೆಂದು, ಹೊಳೆಪ್ಪ ತಾಡಪತ್ರಿಯ ತುದಿಯನ್ನು ಒಲೆಯ ಮೇಲೆ ಎಳೆದು ಸುತ್ತಲೂ ಬಿಗಿದು, ತಾನೂ ಒಳಗೆ ಕುಳಿತನು. ಮನೆಯಲ್ಲಿ ಕೆಂಡ ಕಾಯುವದು ಹಾಗೆಯೇ ಎಂದು ನನಗೂ ಸರಿ ಕಂಡಿತು. ನಾನು ಉದ್ದವ್ವನ ಚಪ್ಪರದ ಕೆಳಗೆ ಕುಳಿತೆ.

ಒಂದು ತಾಸಿನ ಮೇಲೆ ಹಳ್ಳ ಇಳಿಯಿತು. ಹೋಗಿ ಕೂಗಿದರೆ ಉತ್ತರ ಬರಲಿಲ್ಲ. ಭಾಡ್ಯಾ, ನಿದ್ದಿ ಹತ್ತಿತೇನು ಎಂದು ಬೈಯುತ್ತ ತಾಡಪತ್ರಿ ಎತ್ತಿದೆ. ಹೊಳೆಪ್ಪನ ಕಣ್ಣು ತೆರೆದಿದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಮುಖ ಕೆಂಪಗೆ ಇತ್ತು. ತಲೆ ಒಳಗೆ ಹಾಕಿದೊಡನೆ ನನ್ನ ಕಿವಿ ಗುಂಯ್ ಅಂದವು, ಅಲ್ಲೇ ಕುಸಿದೆ. ಅದನ್ನು ಕಂಡು ಕೇದಾರಿ ಓಡಿ ಬಂದು ಹೊಳೆಪ್ಪನ ಕಾಲು ಹಿಡಿದು ಹೊರಗೆ ಎಳೆದನು. ಬುಟ್ಟಿಯ ಕೋಳಿಯೂ ಸತ್ತಿತ್ತು. ಕೋಳಿ ಮಜ್ಜಿಗೆ ಕುಡಿದಿರಲಿಲ್ಲ.

ಅಷ್ಟರಲ್ಲಿ ಚಕ್ಕಡಿಯಲ್ಲಿ ನಾಲ್ಕು ಜನರೊಂದಿಗೆ ವೀರಪ್ಪ ಬಂದನು. ಇವನು ನನ್ನ ಮಗಳ ಮಾವನ ತಮ್ಮ. ಡ್ರೈವರ ಏನು ತಿಂದನೆಂದು ಕೇಳಿದನು. ಮಜ್ಜಿಗೆ ಎಂದೆ. ಯಾರ ಮನೆಯದೆಂದು ಕೇಳಿ, ನನ್ನ ಮುಖ ನೋಡುತ್ತ, "ನೀವೂ ಕುಡದ್ರೇನ್ರಿ ಬೀಗತಿ?" ಅಂದನು.

ಇಲ್ಲ, ನಾನು ಮುಟ್ಟಿಲ್ಲ ಎಂದು ಹೇಳಿದೆ. ಹೌದೆಂದರೆ ಮಗಳ ಮನೆಯ ಹೊಸ್ತಿಲು ನನಗೆ ಮುಚ್ಚುತ್ತದೆಂದು ಅಂಜಿದೆ. ಹಾಗಾದರೆ ಇವನೇ ವಿಷ ಹಾಕಿದ್ದಾನೆಂದು ಕೇದಾರಿಯನ್ನು ಲಾರಿಯ ಗಾಲಿಗೆ ಕಟ್ಟಿ ಹೊಡೆದರು. ಉದ್ದವ್ವ ನನ್ನನ್ನು ನೋಡಿದಳು. ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಹೊಳೆಪ್ಪನಿಗೆ ಇನ್ನೂ ಎಚ್ಚರ ಇಲ್ಲ. ಆ ಮಜ್ಜಿಗೆ ಮತ್ಯಾರು ಕುಡಿದರೆಂದು ದವಾಖಾನೆಯ ಡಾಕ್ಟರು ಕೇಳಿದ್ದಕ್ಕೆ, ನನ್ನ ಆ ಮಾತಿನ ಮೇಲೆ ಠಾಣೆಯವರು ಯಾರೂ ಇಲ್ಲವೆಂದು ಬರೆದು ಕೊಟ್ಟಿದ್ದಾರೆಂದು ತಿಳಿಯಿತು. ಅದಕ್ಕೇ ಕೇದಾರಿ ಇಲ್ಲಿ ಠಾಣೆಯಲ್ಲಿ ಒಳಗೆ ಇದ್ದಾನೆ. ಎರಡು ದಿನದಿಂದ ನನಗೆ ಅನ್ನ ಇಳಿದಿಲ್ಲ. ಯಾವ ಚಪ್ಪಲಿ ಸಪ್ಪಳ ಕೇಳಿದರೂ ಎದೆ ಹಾರುತ್ತದೆ. ನಿನ್ನೆ ವೀರಪ್ಪ ಬಂದು, ಮಗಳ ಸಂಸಾರ ನೆನಪಿಟ್ಟುಕೊಂಡು ಮಾತಾಡಿರಿ ಎಂದು ಮೆತ್ತಗೆ ಹೇಳಿ ಹೋಗಿದ್ದಾನೆ. ಈಗಲೂ ಠಾಣೆಯ ಕಟ್ಟೆಯ ಮೇಲೆ ಕುಳಿತಿದ್ದಾನೆ.

ಜಾತಿಯ ಮಾತು ಬಿಟ್ಟು, ಕುಡಿದೆನೆಂದಷ್ಟೇ ಬರೆಯಲೇ ಎಂದು ಹವಾಲ್ದಾರರು ಕೇಳಿದರು. ಬೇಡ, ಕೇದಾರಿಯ ಮನೆಯದು, ಉದ್ದವ್ವನ ಕೈಯಿಂದ ಬಂದದ್ದು ಎಂದೇ ಬರೆಯಿರಿ ಎಂದೆ. ಬರೆದದ್ದನ್ನು ಓದಿ ಹೇಳಲು ಬಾಗಿಲು ಮುಂದೆ ಮಾಡಿ ಮುಚ್ಚಹೋದರು. ತೆರೆದೇ ಇಟ್ಟು ಜೋರಾಗಿ ಓದಿರಿ ಎಂದು ಕೇಳಿಕೊಂಡೆ. ಓದಿದರು, ಕಟ್ಟೆಯತನಕ ಕೇಳಿಸಿತು. ಎಲ್ಲವೂ ನಾನು ಹೇಳಿದ ಹಾಗೆಯೇ ಇದೆ, ಖರೆ ಇದೆ.

ಸ್ಥಳ: ಹುಕ್ಕೇರಿ
ತಾರೀಖು: ೧೭ ಜುಲೈ ೧೯೪೩
(ಸಹಿ) ಕಾಶೆವ್ವ ಅಂಗಡಿ, ಸ್ವಂತ ಕೈಯಿಂದ