ಎಡತುದಿಯ ಮನೆತನ

ನಮ್ಮಂಥದೇ ಒಂದೂರು. ಅಲ್ಲಿ ಹತ್ತಿ ಗಿರಣಿಯ ಶ್ರೀಮಂತನೊಬ್ಬ. ಹೆಸರು ಬೇಡ; ಹೆಸರು ಹೇಳಿದರೆ ನೀವು ಅವನನ್ನೇ ನೋಡುತ್ತೀರಿ, ನಿಮ್ಮನ್ನು ನೋಡಿಕೊಳ್ಳುವುದಿಲ್ಲ.

ಯೇಸುವಿನ ದೊಡ್ಡ ಭಕ್ತ. ದೇವಾಲಯದ ಗಂಟೆ ಅವನು ಕೊಟ್ಟದ್ದು. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಜನ ಮೊಣಕಾಲೂರುತ್ತಾರಲ್ಲ, ಬಲಿಪೀಠದ ಮುಂದಿನ ಆ ಸಾಗವಾನಿ ಕಟಾಂಜನವೂ ಅವನೇ ಮಾಡಿಸಿಕೊಟ್ಟದ್ದು. ದಿನಾ ಸಂಜೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಕೀರ್ತನೆ ಕಲಿಸುತ್ತಿದ್ದ. "ನಾ ಹೋದ ಮ್ಯಾಲ ನಿಮಗ ಉಳಿಯೂದು ಇದ. ಗಿರಣಿ ಅಲ್ಲ" ಎನ್ನುತ್ತಿದ್ದ. ಒಳ್ಳೆಯ ಮಾತಲ್ಲವೇ?

ಅವನಿಗೊಬ್ಬ ತಮ್ಮನಿದ್ದ. ತಾಯಿ ತೀರಿಕೊಂಡಾಗ ಸಮಾಧಿಯ ಕಲ್ಲಿನ ಮೇಲೆ ಬೈಬಲಿನ ಯಾವ ವಚನ ಕೆತ್ತಿಸಬೇಕು ಎಂದು ಇಬ್ಬರಿಗೂ ವಾದ ಬಿತ್ತು. ನೋಡಿ, ಆಸ್ತಿಗಲ್ಲ, ವಚನಕ್ಕೆ! ಮಾತಿಗೆ ಮಾತು ಬೆಳೆದು ಮಾತೇ ನಿಂತುಹೋಯಿತು. ಇಪ್ಪತ್ತಾರು ವರ್ಷ. ಕಲ್ಲು ಬರಿದಾಗಿಯೇ ಉಳಿಯಿತು.

ಆದರೆ ಕರ್ತನ ಭೋಜನ ಬಿಡಲಾದೀತೆ? ತಿಂಗಳಿಗೊಮ್ಮೆ ಅಣ್ಣ ಕಟಾಂಜನದ ಎಡತುದಿಗೆ, ತಮ್ಮ ಬಲತುದಿಗೆ. ಅಣ್ಣನ ಮಕ್ಕಳು ಎಡಕ್ಕೆ, ತಮ್ಮನ ಮಕ್ಕಳು ಬಲಕ್ಕೆ. ಹೀಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅಣ್ಣನ ಮೊಮ್ಮಗಳು ತಬಿತಾ. ಹದಿನೈದು ತುಂಬಿತು, ಸಭೆಯ ಮುಂದೆ ನಂಬಿಕೆಯ ದೃಢೀಕರಣವಾಯಿತು, ಮೊದಲ ಭೋಜನದ ದಿನ ಬಂತು. ಹಬ್ಬದ ಭಾನುವಾರ, ದೇವಾಲಯ ತುಂಬಿ ಬಾಗಿಲ ಹೊರಗೂ ಜನ. ಅಜ್ಜ ಆಗಲೇ ಎಡತುದಿಯಲ್ಲಿ ಮೊಣಕಾಲೂರಿದ್ದ. ಬಿಳಿ ಸೀರೆಯ ಹುಡುಗಿ ಮುಂದೆ ಬರುವಷ್ಟರಲ್ಲಿ ಅಲ್ಲಿ ಜಾಗವಿರಲಿಲ್ಲ. ಖಾಲಿ ಇದ್ದದ್ದು ಬಲತುದಿಯಲ್ಲಿ, ಚಿಕ್ಕಜ್ಜನ ಪಕ್ಕ.

ಹುಡುಗಿ ನಿಂತುಬಿಟ್ಟಳು.

ಸಭಾಪಾಲಕರು ರೊಟ್ಟಿಯ ತಟ್ಟೆ ಹಿಡಿದು, "ಬಾರವ್ವಾ, ಇಲ್ಲಿ ಜಾಗ ಐತಿ" ಎಂದರು.

ಅವಳು ಅಜ್ಜನ ಕಡೆ ತಿರುಗಿದಳು. "ಅಜ್ಜಾ, ಅದು ಅವರ ಕಡಿ ಅಲ್ಲೇನು? ಅಲ್ಲಿ ನಾವು ಕುಂದರಬಹುದೇನು?"

ಹಾರ್ಮೋನಿಯಂ ನಿಂತಿತು. ಹಿಂದಿನಿಂದ ತಾಯಿ, "ಸುಮ್ಮ ಹೋಗ, ಹುಚ್ಚಿ! ಎಲ್ಲಾರೂ ನೋಡಾಕತ್ತಾರ" ಎಂದು ಪಿಸುಗುಟ್ಟಿದಳು.

"ಅಜ್ಜ ಯಾವತ್ತರ ಹೋಗ್ಯಾನೇನವ್ವಾ?"

ಅದು ಎದುರುತ್ತರವಲ್ಲ, ಪ್ರಿಯರೇ. ಪಾಪ, ಕಲಿತ ಪಾಠವನ್ನು ಒಪ್ಪಿಸುತ್ತಿದ್ದಳು!

ಮುದುಕ ತಿರುಗಿ ಬಲತುದಿಯ ಕಡೆ ನೋಡಿದ. ಎದ್ದು ಹೋದರೆ ಇಡೀ ಸಭೆಯ ಮುಂದೆ ಸೋತಂತೆ. ಹೋಗದಿದ್ದರೆ? ಈ ಹುಡುಗಿ ಭೋಜನವಿಲ್ಲದೆ ತಿರುಗುತ್ತಾಳೆ. ನಾಳೆ ತನ್ನ ಮಕ್ಕಳನ್ನೂ ಎಡಕ್ಕೇ ಕರೆತರುತ್ತಾಳೆ, ಯಾಕೆಂದು ತಿಳಿಯದೆಯೇ. ತಬಿತಾ ಒಂದು ಹೆಜ್ಜೆ ಹಿಂದಿಟ್ಟಳು. ಮುದುಕ ಕಣ್ಣು ಮುಚ್ಚಿದ. ಇನ್ನೊಂದು ಹೆಜ್ಜೆ ಹಿಂದಿಟ್ಟಳು.

ಮುದುಕ ತಾನು ಮಾಡಿಸಿದ ಕಟಾಂಜನವನ್ನೇ ಹಿಡಿದು ಎದ್ದ. ಮೊಣಕಾಲೂರಿದವರ ಬೆನ್ನ ಹಿಂದೆ ನಡೆದ. ಹನ್ನೆರಡು ಹೆಜ್ಜೆ ಇದ್ದೀತು. ತಮ್ಮನ ಪಕ್ಕ ಮೊಣಕಾಲೂರಿ, "ತಪ್ಪು ನಂದು, ತಮ್ಮಾ" ಎಂದ.

ತಮ್ಮ ತಲೆ ಎತ್ತಲಿಲ್ಲ. ಆಮೇಲೆ, ನೋಡಿ, ಆ ತಮ್ಮ ಮೆಲ್ಲಗೆ ಗೋಡೆಯ ಕಡೆ ಸರಿದ. "ಹನ್ನೆರಡು ಹೆಜ್ಜೀಗೆ ಇಪ್ಪತ್ತಾರು ವರ್ಷ ಬೇಕಾತೇನಣ್ಣಾ ನಿನಗ?" ಎಂದ. "ನಾನೂ ಎದ್ದು ಬರಲಿಲ್ಲ ಬಿಡು. ಅತ್ತ ಸರಿ, ಕೂಸಿಗೆ ಜಾಗ ಕೊಡು."

ತಬಿತಾ ಇಬ್ಬರ ನಡುವೆ ಮೊಣಕಾಲೂರಿದಳು.

ಅಜ್ಜ ಕಲಿಸಿದ ಕೀರ್ತನೆ ಆ ಹುಡುಗಿಯ ಬಾಯಿಗೆ ಬಂದಿತ್ತು. ಅಜ್ಜನ ಮುನಿಸು ಅವಳ ಕಾಲಿಗೆ ಬಂದಿತ್ತು. ನಿಮ್ಮ ಮಕ್ಕಳ ಕಾಲು ಯಾರ ಮನೆಯ ಮುಂದೆ ಬೇಗ ಬೇಗ ದಾಟುತ್ತದೆ? ಯಾರನ್ನು ಕಂಡರೆ ಅವರು ಮುಖ ತಿರುಗಿಸುತ್ತಾರೆ? ಅದನ್ನು ಯಾವ ಭಾನುವಾರ ಶಾಲೆಯಲ್ಲಿ ಕಲಿಸಿದರು? ನಾವು ದೇವಾಲಯಕ್ಕೆ ಕಾಣಿಕೆ ಕೊಟ್ಟು, ಮಕ್ಕಳಿಗೆ ನಂಬಿಕೆಯನ್ನು ಬಿಟ್ಟುಹೋಗುತ್ತಿದ್ದೇವೆ ಎಂದುಕೊಳ್ಳುತ್ತೇವೆ. ಅವರು ತೆಗೆದಿಟ್ಟುಕೊಳ್ಳುವುದೇ ಬೇರೆ.

ಮುಂದಿನ ಭಾನುವಾರ ಇಲ್ಲಿಯೂ ಭೋಜನವಿದೆ. ಆರು ದಿನ ಇವೆ. ಆ ಮನೆ ಯಾವುದೆಂದು ನಿಮಗೆ ಗೊತ್ತು, ನಾನು ಹೇಳಬೇಕಿಲ್ಲ. ಹೋಗಿ. ಒಬ್ಬರೇ ಹೋಗಬೇಡಿ, ಮಗನನ್ನೋ ಮೊಮ್ಮಗಳನ್ನೋ ಕೈಹಿಡಿದು ಕರೆದುಕೊಂಡು ಹೋಗಿ. ಬಾಗಿಲನ್ನು ನೀವೇ ತಟ್ಟಿ. "ತಪ್ಪು ನಂದು" ಅನ್ನಿ. ಮಗುವಿಗೆ ಕೇಳುವ ಹಾಗೆ ಅನ್ನಿ. ನೀವು ಮುಖ ತಿರುಗಿಸಿದ್ದನ್ನು ಅದು ನೋಡಿದೆ. ನೀವು ತಲೆಬಾಗಿದ್ದನ್ನೂ ನೋಡಲಿ.