ಹನ್ನೊಂದನೆಯ ಬೆಸುಗೆ

ಸಂಜೆಯ ಬಸ್ಸಿಗೆ ಕಾದು ಕಾಲು ಚಾಚಿ ಕೂತಿದ್ದ ಟೈಲರಮ್ಮನ ಪಕ್ಕ ಇಬ್ಬರು ಬಂದು ಕುಸಿದರು. ಒಬ್ಬ ವೆಲ್ಡರ್, ಇನ್ನೊಬ್ಬ ಅವನ ಭಾಮೈದ. ಭಾಮೈದನ ತೊಡೆಯ ಮೇಲೆ, ಲೋಹದೊಳಕ್ಕೆ ಶಬ್ದ ಬಿಟ್ಟು ಬಿರುಕು ಹುಡುಕುವ ಯಂತ್ರದ ಪೆಟ್ಟಿಗೆ.

“ಭಾವ, ಬಾಯ್ಲರಿಗೆ ನೀವು ಹಾಕಿದ ಹನ್ನೊಂದು ಬೆಸುಗೇನೂ ಪಾಸು. ಕೊನೇದ್ರಲ್ಲಂತೂ ಸ್ಕ್ರೀನ್ ಮೇಲೆ ಒಂದು ಗೆರೆಯೂ ಏಳಲಿಲ್ಲ.”

“ಒಂದೂ ಇಲ್ವಾ? ತಗಡಿನ ಆ ಬದಿಗೆ ತಾಗಿ ವಾಪಸ್ ಬರೋ ಶಬ್ದದ ಗೆರೆಯಾದ್ರೂ ಏಳಬೇಕಲ್ಲಪ್ಪಾ?”

ಭಾಮೈದ ಪೆಟ್ಟಿಗೆಯ ಮುಚ್ಚಳ ತೆರೆದು ಮತ್ತೆ ಮುಚ್ಚಿದ.

“ಸವರಿದ್ದ ಜೆಲ್ ಒಣಗಿತ್ತೇನೋ.”

“ಒಣಗಿದ್ರೆ ಶಬ್ದ ಒಳಗೇ ಹೋಗಿಲ್ಲ. ನೀನು ನೋಡೇ ಇಲ್ಲ ಅಂತಾಯ್ತು.”

“ಬಗ್ಗಿ ಬಗ್ಗಿ ಸೊಂಟ ಬಿದ್ದೋಗಿದೆ. ನಾಳೆ ನೋಡ್ತೀನಿ ಭಾವ.”

“ನಾಳೆ ಆರಕ್ಕೇ ಬಾಯ್ಲರ್ ಹೊತ್ತಿಸ್ತಾರೆ. ಪಕ್ಕದಲ್ಲಿ ನಾಲ್ಕು ಜನ ನಿಂತಿರ್ತಾರೆ.”

“ಬಿರುಕು ಸಿಕ್ಕಿದ್ರೆ ಕಡಿದು ಮತ್ತೆ ಬೆಸೆಯೋರು ನೀವೇ.”

“ಗೊತ್ತು ಕಣೋ. ಆ ಕೊನೇ ಬೆಸುಗೆ ಹಾಕುವಾಗ ನನಗೂ ಕಣ್ಣು ಎಳೀತಿತ್ತು. ಅದಕ್ಕೇ ಕೇಳಿದ್ದು.”

“ಅಕ್ಕ ಕಾಯ್ತಿರ್ತಾಳೆ.”

“ನೀನೇ ಫೋನ್ ಮಾಡಿ ಹೇಳು. ನನ್ನ ಮಾತು ಅವಳು ಯಾವತ್ತು ನಂಬಿದಾಳೆ?”

ಬಸ್ಸು ಬಂತು. ಟೈಲರಮ್ಮ ಹತ್ತಿ ಕಿಟಕಿಯಿಂದ ಹಿಂತಿರುಗಿ ನೋಡಿದಳು. ಪೆಟ್ಟಿಗೆ ಹೊತ್ತ ಭಾವ ಮುಂದೆ, ಫೋನು ಕಿವಿಗಿಟ್ಟ ಭಾಮೈದ ಹಿಂದೆ, ಇಬ್ಬರೂ ಕಾಲೆಳೆಯುತ್ತ ಕಾರ್ಖಾನೆಯ ಗೇಟಿನ ಕಡೆಗೇ ಹೊರಟಿದ್ದರು.